ಹಸಿವಾಗಿ ತಿಂದಿದ್ದಾ, ಹೆದರಿ ತಿಂದಿದ್ದಾ?

ಹೋದ ತಿಂಗಳು ಡಾಕ್ಟರು ನನ್ನ ಆತಂಕದ ಮಾತ್ರೆ ಪೂರ್ತಿ ನಿಲ್ಲಿಸಿದರು. ಶುರುವಾಗಿದ್ದು 2024ರ ಆಗಸ್ಟ್ ಕೊನೆಗೆ, ಮುಗಿದಿದ್ದು 2025ರ ಡಿಸೆಂಬರ್‌ನಲ್ಲಿ. ನಾನು ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದೇನೆ. ಊರು ತಿಪಟೂರಿನ ಹತ್ತಿರ. ಕಾಲೇಜು ಉತ್ತರ ಕರ್ನಾಟಕದ ಕಡೆ, ಊರಿಂದ ಒಂದು ರಾತ್ರಿಯ ಬಸ್ ಪ್ರಯಾಣ. ಆತಂಕ ಮತ್ತು ತೂಕ, ಇವೆರಡರ ಜೊತೆ ಮೂರು ವರ್ಷಕ್ಕೂ ಜಾಸ್ತಿ ಒದ್ದಾಡಿದ್ದೇನೆ. ಎರಡೂ ಬೇರೆ ಬೇರೆ ಅಂದುಕೊಂಡು ಒದ್ದಾಡಿದ್ದೇ ಹೆಚ್ಚು. ಇದೇ ದಾರಿಯಲ್ಲಿರುವ ಜೂನಿಯರ್‌ಗಳಿಗೆ ಅಲೆದಾಟ ಸ್ವಲ್ಪ ಕಡಿಮೆಯಾಗಲಿ ಅಂತ, ನಡೆದಿದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಕಾಲೇಜಿಗೆ ಸೇರಿದ್ದು 2022ರ ಫೆಬ್ರವರಿಯಲ್ಲಿ. ಆಗ ನನ್ನ ತೂಕ 54 ಕೆಜಿ, ಎತ್ತರ 158 ಸೆಂಟಿಮೀಟರ್. ಮೊದಲ ಮೂರು ತಿಂಗಳು ನಾನು ದಪ್ಪ ಆಗಲಿಲ್ಲ, ಸಣ್ಣ ಆದೆ. ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಿಂದ ಬಂದರೆ ಕೈಯಲ್ಲಿ ಫಾರ್ಮಲಿನ್ ವಾಸನೆ. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಅನ್ನ ಕಲಸಿ ಬಾಯಿಗೆ ಇಡೋಕೆ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಪಿಯುಸಿವರೆಗೂ ಕ್ಲಾಸಿಗೆ ಮೊದಲಿದ್ದವಳು, ಇಲ್ಲಿ ಎಲ್ಲರೂ ಅವರವರ ಕ್ಲಾಸಿಗೆ ಮೊದಲಿದ್ದವರೇ. ವೈವಾ, ಅಂದರೆ ಬಾಯಿ ಪರೀಕ್ಷೆ, ಇದ್ದ ದಿನ ಬೆಳಿಗ್ಗೆ ಎರಡು ಮೂರು ಸಲ ಭೇದಿ. ತೂಕ 50ಕ್ಕೆ ಇಳಿಯಿತು. ಊರಿಗೆ ಹೋದಾಗ ಅಮ್ಮ ಕೆನ್ನೆ ಮುಟ್ಟಿ, "ಏನಮ್ಮ ಹಿಂಗೆ ಸೊರಗಿದ್ದೀಯ" ಅಂತ ಕಣ್ಣೀರು ಹಾಕಿದಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆತಂಕ ಅಂದರೆ ದಪ್ಪ ಆಗೋದು ಅಂತಷ್ಟೇ ಅಲ್ಲ. ನನ್ನ ರೂಮ್‌ಮೇಟ್ ಈಗಲೂ 43 ಕೆಜಿ. ಪರೀಕ್ಷೆ ಬಂದರೆ ಅವಳಿಗೆ ಗಂಟಲಲ್ಲಿ ತುತ್ತು ಇಳಿಯೋದಿಲ್ಲ. ನನಗೆ ಮೊದಲು ಹಾಗೇ ಇತ್ತು, ಆಮೇಲೆ ತಿರುಗಿಬಿತ್ತು. ಒಂದೇ ದೇಹದಲ್ಲಿ ಎರಡೂ ಆಗಬಹುದು. "ನಾನು ಸಣ್ಣಗಿದ್ದೀನಿ, ನನಗೇನು" ಅಂತ ಯಾರೂ ಸುಮ್ಮನಿರಬೇಡಿ.

ತಿರುಗಿಬಿದ್ದಿದ್ದು ಮೊದಲ ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಹೊತ್ತಿಗೆ. ರಾತ್ರಿ ಎರಡರವರೆಗೆ ಓದು. ಎಂಟಕ್ಕೆ ಮೆಸ್ಸಿನ ಊಟ, ಅರ್ಧ ತಿಂದು ಎದ್ದು ಬರೋದು. ಹನ್ನೊಂದಕ್ಕೆ ಎದೆ ಢವಢವ ಅನ್ನೋಕೆ ಶುರು. ಆಗ ಟ್ರಂಕ್ ತೆಗೆದು ಅಮ್ಮ ಕಳಿಸಿದ್ದ ಕೊಬ್ಬರಿ ಮಿಠಾಯಿ ಡಬ್ಬಿ. ಮೊದಲನೇ ತುಂಡು ರುಚಿ ಗೊತ್ತಾಗುತ್ತಿತ್ತು. ಆಮೇಲಿನದು ಗೊತ್ತಾಗುತ್ತಿರಲಿಲ್ಲ. ಕೈ ಹೋಗುತ್ತಿತ್ತು, ಬಾಯಿ ಆಡುತ್ತಿತ್ತು, ಕಣ್ಣು ಪುಸ್ತಕದ ಮೇಲೆ. ಡಬ್ಬಿಯ ತಳದಲ್ಲಿ ಬೆರಳಿಗೆ ಸಕ್ಕರೆ ಪುಡಿ ಅಂಟಿದಾಗಲೇ ಖಾಲಿಯಾಗಿದೆ ಅಂತ ಗೊತ್ತಾಗುತ್ತಿದ್ದುದು. ಒಂದು ಅರ್ಧ ಗಂಟೆ ಎದೆ ತಣ್ಣಗೆ. ಆಮೇಲೆ ಹೊಟ್ಟೆ ಭಾರ, ನಾಚಿಕೆ, ಮತ್ತೆ ಎದೆಬಡಿತ. ಡಬ್ಬಿ ಖಾಲಿಯಾದ ಮೇಲೆ ಬಿಸ್ಕತ್ತು, ಬನ್ನು, ಗೇಟಿನ ಹತ್ತಿರದ ಗಾಡಿಯಿಂದ ಎಗ್ ರೈಸ್ ಪಾರ್ಸೆಲ್.

ಫಿಸಿಯಾಲಜಿಯಲ್ಲಿ ಇದನ್ನೇ ಓದಿದ್ದೆ. ತಕ್ಷಣದ ಹೆದರಿಕೆಯಲ್ಲಿ ಅಡ್ರಿನಲಿನ್ ಹೊಟ್ಟೆಯ ಹಸಿವನ್ನು ಅದುಮುತ್ತದೆ. ಒತ್ತಡ ತಿಂಗಳುಗಟ್ಟಲೆ ಎಳೆದರೆ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರಿಯೇ ಇರುತ್ತದೆ, ಆಗ ಸಿಹಿ ಮತ್ತು ಜಿಡ್ಡಿನ ಮೇಲೆ ಆಸೆ ಹೆಚ್ಚುತ್ತದೆ, ಸೊಂಟದ ಸುತ್ತ ಕೊಬ್ಬು ಕೂರುತ್ತದೆ. ನಿದ್ದೆ ಕೆಟ್ಟರೆ ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ. ಇದರ ಮೇಲೆ 10 ಮಾರ್ಕಿನ ಉತ್ತರ ಬರೆದು ಒಳ್ಳೆ ಮಾರ್ಕೂ ತಗೊಂಡಿದ್ದೆ. ಅದು ನನ್ನದೇ ಕಥೆ ಅಂತ ಒಂದು ಸಲವೂ ಅನ್ನಿಸಲಿಲ್ಲ.

ಎರಡನೇ ವರ್ಷದಲ್ಲಿ ಒಂದು ದಿನ ಮರೆಯೋಕೆ ಆಗೋದಿಲ್ಲ. ನಮಗೆಲ್ಲ ಕುಟುಂಬ ದತ್ತು ಕಾರ್ಯಕ್ರಮ ಇರುತ್ತದಲ್ವಾ. ಒಂದು ಹಳ್ಳಿಯ ಕೆಲವು ಮನೆಗಳನ್ನು ವಹಿಸಿಕೊಂಡು ಆಗಾಗ ಹೋಗಿ ಬಿಪಿ, ತೂಕ ನೋಡಬೇಕು. ನನ್ನ ಪಾಲಿನ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಅಂಗಳದಲ್ಲಿ ತೂಕದ ಮಷಿನ್ ಇಟ್ಟು ಎಲ್ಲರದ್ದೂ ಬರೆದುಕೊಂಡೆ. ಮುಗಿಸಿ ಮಷಿನ್ ಎತ್ತೋಕೆ ಬಗ್ಗಿದರೆ ಅಜ್ಜಿ ಬಿಡಲಿಲ್ಲ. "ಎಲ್ಲಾರ್ದೂ ನೋಡಿದಿ, ನಿಂದ್ಯಾರು ನೋಡಬೇಕವ್ವಾ? ನಿಂದರು, ನೋಡೂಣು" ಅಂದಳು. ನಾನು ಆರು ತಿಂಗಳಿಂದ ತೂಕ ನೋಡಿಕೊಂಡಿರಲಿಲ್ಲ. ಚಪ್ಪಲಿ ಬಿಟ್ಟು ನಿಂತೆ. ಮುಳ್ಳು 66ರ ಮೇಲೆ ನಿಂತಿತು. ಅಜ್ಜಿಗೆ ಓದೋಕೆ ಬರುವುದಿಲ್ಲ. "ಚಲೋ ಅದನ?" ಅಂತ ಕೇಳಿದಳು. "ಹೂಂ ಅಜ್ಜಿ" ಅಂದೆ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ.

ಅಲ್ಲಿಂದ ಡಯಟ್ ಶುರು. ರಾತ್ರಿ ಊಟ ಬಿಟ್ಟೆ. ಒಂದು ತಿಂಗಳು ಬೆಳಿಗ್ಗೆ ತಿಂಡಿಯನ್ನೂ ಬಿಟ್ಟೆ. ಮೂರು ತಿಂಗಳ ಜಿಮ್‌ಗೆ 3,000 ರೂಪಾಯಿ ಕಟ್ಟಿ ಒಂಬತ್ತು ದಿನ ಹೋದೆ. ಒಂದು ಪೌಡರ್ ಡಬ್ಬಿಗೆ 2,400. ಪ್ರತಿ ಸಲವೂ ಎರಡು ಕೆಜಿ ಇಳಿದು ಮೂರು ಕೆಜಿ ಏರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ವಾರ್ಡಿಗೆ ಹೋದರೆ ಕೈ ನಡುಗುತ್ತಿತ್ತು. ಆ ನಡುಕ ನೋಡಿ ಇನ್ನೂ ಹೆದರಿಕೆ. ರಾತ್ರಿ ಅದೇ ಹೆದರಿಕೆಗೆ ತಿನ್ನೋದು. ಡಯಟ್ಟೇ ಆತಂಕಕ್ಕೆ ಸೌದೆ ಹಾಕುತ್ತಿತ್ತು ಅಂತ ಈಗ ಗೊತ್ತು. ಊರಿನ ಮದುವೆಗಳಿಗೆ ಹೋಗೋದು ನಿಲ್ಲಿಸಿದೆ. "ಡಾಕ್ಟ್ರೇ ಹಿಂಗಾದ್ರೆ ಹೆಂಗಮ್ಮ" ಅಂತ ಯಾರಾದರೊಬ್ಬರು ಅನ್ನದೆ ಬಿಡುತ್ತಿರಲಿಲ್ಲ.

2024ರ ಜುಲೈನಲ್ಲಿ ಮೆಡಿಸಿನ್ ಪೋಸ್ಟಿಂಗ್, ಅಂದರೆ ಆ ವಿಭಾಗದ ವಾರ್ಡಿನಲ್ಲಿ ಕಲಿಯುವ ಸರದಿ. ಬೆಡ್ ಪಕ್ಕ ನಿಂತು ಕೇಸ್ ಪ್ರೆಸೆಂಟ್ ಮಾಡುತ್ತಿದ್ದೆ. ಮಧ್ಯದಲ್ಲಿ ಮಾತು ನಿಂತಿತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಬೆರಳ ತುದಿ ಜುಮುಜುಮು, ಎದೆ ಮೇಲೆ ಕಲ್ಲಿಟ್ಟ ಹಾಗೆ. ಸತ್ತೇ ಹೋಗುತ್ತೇನೆ ಅನ್ನಿಸಿತು. ಕ್ಯಾಶುಯಲ್ಟಿಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿದರು. ಬಡಿತ ನಿಮಿಷಕ್ಕೆ 128, ಬೇರೆ ಏನೂ ಇಲ್ಲ. ಗ್ಯಾಸ್ಟ್ರಿಕ್ ಇರಬಹುದು ಅಂತ ಪ್ಯಾಂಟೊಪ್ರಜೋಲ್ ಕೊಟ್ಟರು. ಅಲ್ಲಿದ್ದ ಒಬ್ಬ ಸೀನಿಯರ್, "ಸುಮ್ನೆ ಟೆನ್ಷನ್ ಕಣಮ್ಮ, ಸ್ವಲ್ಪ ತೂಕ ಇಳಿಸು, ಎಲ್ಲಾ ಸರಿಹೋಗುತ್ತೆ" ಅಂದರು. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಆ ರಾತ್ರಿ ನಾನು ತಿಂದಷ್ಟು ಯಾವತ್ತೂ ತಿಂದಿರಲಿಲ್ಲ.

ನಮ್ಮ ಕಾಲೇಜಿನಲ್ಲೇ ಸೈಕಿಯಾಟ್ರಿ ಒಪಿಡಿ, ಅಂದರೆ ಮನೋವೈದ್ಯರ ಹೊರರೋಗಿ ವಿಭಾಗ ಇದೆ. ಎರಡನೇ ಮಹಡಿ. ಮೂರು ಸಲ ಮೆಟ್ಟಿಲು ಹತ್ತಿ ವಾಪಸ್ ಬಂದೆ. ಅಲ್ಲಿ ಕೂತಿರೋದು ನನ್ನದೇ ಬ್ಯಾಚಿನವರು, ಪೋಸ್ಟಿಂಗ್‌ನಲ್ಲಿ. ಹಿಸ್ಟರಿ ತಗೊಳ್ಳೋದು ಅವರೇ. ಮುಂದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರೋ ಸರ್‌ಗಳು ಅಲ್ಲೇ. ಹೇಗೆ ಹೋಗಲಿ?

ಆಗಸ್ಟ್‌ನಲ್ಲಿ ಪೇಪರಿನಲ್ಲಿ ಒಂದು ವರದಿ ಬಂತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ ಸಮೀಕ್ಷೆ. ಉತ್ತರ ಕೊಟ್ಟ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂದಿದ್ದರು. ನಮ್ಮ ಲೆಕ್ಚರ್ ಹಾಲ್‌ನ ಒಂದೊಂದು ಬೆಂಚಿಗೆ ನಾಲ್ಕು ಜನ ಕೂರುತ್ತೇವೆ. ಬೆಂಚಿಗೊಬ್ಬರು ಅಂದ ಹಾಗಾಯಿತು. ಆ ರಾತ್ರಿ ಹಾಸ್ಟೆಲ್ ಟೆರೇಸಿಗೆ ಹೋಗಿ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಒಬ್ಬರು ಅಕ್ಕ. ನಾನು ಮೊದಲ ಐದು ನಿಮಿಷ ಅತ್ತಿದ್ದೇ ಆಯಿತು. ಅವರು ಕಾದರು. ಆಮೇಲೆ, "ಕಾಲೇಜಿನಲ್ಲಿ ತೋರಿಸೋಕೆ ಮುಜುಗರ ಆದರೆ ಪಕ್ಕದ ಜಿಲ್ಲಾ ಆಸ್ಪತ್ರೆಗೆ ಹೋಗಮ್ಮ, ಅಲ್ಲೂ ಮನೋವೈದ್ಯರು ಇರುತ್ತಾರೆ" ಅಂದರು. ಅಷ್ಟು ಸರಳವಾದ ದಾರಿ ನನಗೆ ಹೊಳೆದೇ ಇರಲಿಲ್ಲ.

ಪಕ್ಕದ ಜಿಲ್ಲೆಗೆ ಎರಡೂಕಾಲು ಗಂಟೆ ಬಸ್ಸು. ಆಧಾರ್ ತೋರಿಸಿದರೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಹುಡುಗಿಯರಿಗೆ ಇದು ದೊಡ್ಡ ಅನುಕೂಲ, ಮನೆಯಲ್ಲಿ ಬಸ್ ಚಾರ್ಜ್ ಲೆಕ್ಕ ಕೊಡಬೇಕಾಗಿಲ್ಲ. ಹತ್ತು ರೂಪಾಯಿಯ ಒಪಿ ಚೀಟಿ ಮಾಡಿಸಿ ಹೋದರೆ ಮನೋವೈದ್ಯರ ರೂಮಿಗೆ ಬೀಗ. ಅವತ್ತು ಮಂಗಳವಾರ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಅವರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ, ಕೇಳಿಕೊಂಡೂ ಹೋಗಿರಲಿಲ್ಲ. ಬೀಗ ನೋಡುತ್ತಾ ನಿಂತೆ. ಧೈರ್ಯ ಕೂಡಿಸೋಕೆ ಎರಡು ವರ್ಷ ಹಿಡಿದಿತ್ತು. ಅಲ್ಲೇ ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ಗೋಡೆಗೆ ಒರಗಿಸಿ, "ಗುರುವಾರ ಬಾರವ್ವ, ಸಾಹೇಬ್ರು ಇರ್ತಾರ" ಅಂದರು. ಅವರು ಹೇಳದೇ ಇದ್ದಿದ್ದರೆ ನಾನು ಮತ್ತೆ ಹೋಗುತ್ತಿದ್ದೆ ಅಂತ ಅನ್ನಿಸೋದಿಲ್ಲ.

ಗುರುವಾರ ಒಂಬತ್ತಕ್ಕೆ ಕೂತವಳನ್ನು ಕರೆದಿದ್ದು ಹನ್ನೆರಡೂವರೆಗೆ. ಊಟದ ಡಬ್ಬಿ, ನೀರು ತಗೊಂಡು ಹೋಗಿ. ಹಳೆಯ ಇಸಿಜಿ, ರಕ್ತದ ರಿಪೋರ್ಟ್ ಇದ್ದರೆ ಅದೂ ಇರಲಿ. ಮೊದಲು ಎರಡು ಫಾರಂ ತುಂಬಿಸಿದರು. ಒಂದು ಜಿಎಡಿ-7, ಆತಂಕದ್ದು. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಒಟ್ಟು 21 ಅಂಕ. 10ರಿಂದ ಮಧ್ಯಮ, 15ರಿಂದ ತೀವ್ರ. ನನಗೆ 16. ಇನ್ನೊಂದು ಪಿಎಚ್‌ಕ್ಯೂ-9, ಖಿನ್ನತೆಯದ್ದು. ಅದರಲ್ಲಿ 27ಕ್ಕೆ 11. ಅಂಕ ಕಮ್ಮಿ ತೋರಿಸೋ ಆಸೆ ಬರುತ್ತದೆ, ನನಗೂ ಬಂತು. ಇದ್ದದ್ದನ್ನೇ ಬರೆಯಿರಿ.

ತೂಕ 71. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ 28.4. ನಮ್ಮ ಭಾರತೀಯರ ಮೈಕಟ್ಟಿಗೆ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಅಂತ ಲೆಕ್ಕ. ಡಾಕ್ಟರು ಚೀಟಿ ನೋಡಿದರು. ಈಗ ಬೈಯುತ್ತಾರೆ ಅಂತ ಕಾದೆ. ಅವರು ಕೇಳಿದ್ದು, "ಯಾವಾಗ ತಿಂತೀಯವ್ವ ಜಾಸ್ತಿ?" ಅಂತ. ಎಷ್ಟು ತಿಂತೀಯ, ಏನು ತಿಂತೀಯ ಅಂತ ಊರೆಲ್ಲ ಕೇಳಿತ್ತು. ಯಾವಾಗ ಅಂತ ಕೇಳಿದವರು ಇವರೊಬ್ಬರೇ. ರಾತ್ರಿ ಹನ್ನೊಂದರ ಮೇಲೆ, ಎದೆ ಬಡಿದುಕೊಂಡಾಗ ಅಂದೆ. ಹಾಗಂದ ಮೇಲೆ ನನಗೇ ಕೇಳಿಸಿತು ನಾನು ಏನು ಹೇಳಿದೆ ಅಂತ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದರು. ಬೆಳಿಗ್ಗೆ ಏಳದೇ ಇದ್ದರೆ ಸಾಕು ಅಂತ ಕೆಲವು ಸಲ ಅನ್ನಿಸುತ್ತದೆ ಅಂದೆ. ಪೆನ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ಥೈರಾಯ್ಡ್ ಮೊದಲು ನೋಡಬೇಕು ಅಂದರು. ಅದು ಏರುಪೇರಾದರೂ ಎದೆಬಡಿತ, ತೂಕ ಎರಡೂ ಬದಲಾಗುತ್ತವೆ. ಆಸ್ಪತ್ರೆ ಲ್ಯಾಬಿನಲ್ಲಿ ಅವತ್ತು ಆಗಲಿಲ್ಲ. ಹೊರಗೆ ಥೈರಾಯ್ಡ್ ನೋಡುವ ಟಿಎಸ್‌ಎಚ್‌ಗೆ 250, ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿಗೆ 400. ಥೈರಾಯ್ಡ್ ಸರಿಯಿತ್ತು. ಎಚ್‌ಬಿಎ1ಸಿ 5.8. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಕುತ್ತಿಗೆ ಹಿಂದೆ ಕಪ್ಪಾಗಿದ್ದೂ ಇದರದ್ದೇ ಗುರುತು, ಒಂದು ವರ್ಷದಿಂದ ಬಿಸಿಲು ಅಂದುಕೊಂಡು ಉಜ್ಜುತ್ತಿದ್ದೆ.

ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಂ ಮಾತ್ರೆ ಬರೆದರು. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಆ ಮೊದಲ ವಾರದ ಬಗ್ಗೆ ಯಾರೂ ಮುಂಚೆ ಹೇಳದೇ ಇದ್ದರೆ ಎಲ್ಲರೂ ಮಾತ್ರೆ ಬಿಟ್ಟುಬಿಡುತ್ತಾರೆ. ವಾಕರಿಕೆ, ಸುಮ್ಮನೆ ಆಕಳಿಕೆ, ಆತಂಕ ಇಳಿಯೋದಿರಲಿ ಇನ್ನೂ ಹೆಚ್ಚು. ಇಪ್ಪತ್ತೈದರ ಒಳಗಿನವರಿಗೆ ಶುರುವಿನ ವಾರಗಳಲ್ಲಿ ಕೆಟ್ಟ ಯೋಚನೆ ಹೆಚ್ಚಬಹುದು, ಯಾರಾದರೂ ಜೊತೆಗಿರಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ರೂಮ್‌ಮೇಟ್‌ಗೆ ಎಲ್ಲ ಹೇಳಿದೆ. ಅವಳು ಏನೂ ಮಾತಾಡದೆ ತನ್ನ ಮಂಚವನ್ನು ಎಳೆದು ನನ್ನ ಮಂಚಕ್ಕೆ ಅಂಟಿಸಿದಳು. ನಾಲ್ಕು ವಾರ ಆಗುವವರೆಗೆ ಏನೂ ಗೊತ್ತಾಗಲಿಲ್ಲ. ಐದನೇ ವಾರ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ, ಇವತ್ತು ವೈವಾ ಇದೆ, ಹೊಟ್ಟೆ ಸುಮ್ಮನಿದೆಯಲ್ಲ ಅಂತ ಹೊಳೆಯಿತು.

ಈ ಮಾತ್ರೆಯಿಂದ ತೂಕ ಏರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಸ್ವಲ್ಪ ಏರುತ್ತದೆ. ನನಗೆ ಮೊದಲ ಮೂರು ತಿಂಗಳಲ್ಲಿ ಒಂದು ಕೆಜಿ ಏರಿತು. ಬಿಟ್ಟುಬಿಡೋಣ ಅನ್ನಿಸಿತು. ಡಾಕ್ಟರಿಗೆ ಅದನ್ನೇ ಹೇಳಿದೆ. "ಮೊದಲು ಎದಿ ನೆಟ್ಟಗಾಗಲಿ, ತೂಕ ಆಮ್ಯಾಲೆ ನೋಡೂಣು" ಅಂದರು. ಕೋಪ ಬಂತು ಆಗ. ಈಗ ಅದೇ ಸರಿ ಅನ್ನಿಸುತ್ತದೆ. ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಸಂದೇಹ ಇದ್ದರೆ ಬಾಯಿಬಿಟ್ಟು ಕೇಳಿ.

ಮಾತಿನ ಚಿಕಿತ್ಸೆಗೆ ಸರ್ಕಾರಿಯಲ್ಲಿ ಸರತಿ ಉದ್ದ ಇತ್ತು. ಖಾಸಗಿಯಾಗಿ ಒಬ್ಬ ಮನಃಶಾಸ್ತ್ರಜ್ಞೆ ಹತ್ತಿರ ಹೋದೆ. ಒಂದು ಸಲಕ್ಕೆ 700 ರೂಪಾಯಿ, ಎಂಟು ಸಲ, 5,600. ನನಗೆ ಇದು ದೊಡ್ಡ ದುಡ್ಡು. ಸ್ಕಾಲರ್‌ಶಿಪ್ ಹಣದಲ್ಲಿ ಕೊಟ್ಟೆ. ಅವರು ಒಂದು ನೂರು ಪುಟದ ನೋಟ್‌ಬುಕ್ ತರಿಸಿದರು. ಕ್ಯಾಲೊರಿ ಬರೆಯೋದು ಬೇಡ ಅಂದರು. ಏನು ತಿಂದೆ, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಒಂದೇ ಪ್ರಶ್ನೆ: ಹಸಿವಾಗಿ ತಿಂದಿದ್ದಾ, ಹೆದರಿ ತಿಂದಿದ್ದಾ? ಹಸಿವಿಗೆ 'ಹ', ಹೆದರಿಕೆಗೆ 'ಭ'. ಮೊದಲ ವಾರದ ಪುಟ ತಿರುಗಿಸಿದರೆ ರಾತ್ರಿಯ ಸಾಲುಗಳಲ್ಲಿ ಬರೀ ಭ, ಭ, ಭ. ಅದನ್ನು ನೋಡಿದಾಗ ನನ್ನ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಇಷ್ಟು ದಿನ ಆಸೆಬುರುಕಿ ಅಂತ ನನ್ನನ್ನೇ ಬೈದುಕೊಂಡಿದ್ದೆ.

'ಭ' ಬಂದಾಗ ಏನು ಮಾಡಬೇಕು ಅನ್ನೋದೇ ಉಳಿದ ಏಳು ಸಲದ ಪಾಠ. ಉಸಿರನ್ನು ನಿಧಾನ ಬಿಡೋದು. ಹೆದರಿಕೆಯನ್ನು ಒಂದು ವಾಕ್ಯದಲ್ಲಿ ಬರೆಯೋದು, ಅದಕ್ಕೆ ಸಾಕ್ಷಿ ಏನಿದೆ ಅಂತ ಕೇಳೋದು. ಹತ್ತು ನಿಮಿಷ ಕಾರಿಡಾರ್‌ನಲ್ಲಿ ಓಡಾಡಿ ಬಂದು, ಆಮೇಲೂ ಬೇಕೆನಿಸಿದರೆ ತಟ್ಟೆಗೆ ಹಾಕಿಕೊಂಡು ಪುಸ್ತಕ ಮುಚ್ಚಿ ತಿನ್ನೋದು. ಜೊತೆಗೆ ಮೂರು ಹೊತ್ತಿನ ಊಟ ತಪ್ಪಿಸಬಾರದು. ಮೆಸ್ಸಿನ ತಿಂಡಿಗೂ ಪೋಸ್ಟಿಂಗ್‌ಗೂ ಹೊತ್ತು ಹೊಂದುತ್ತಿರಲಿಲ್ಲ. ಮೆಸ್ಸಿನ ಅಣ್ಣನಿಗೆ ಕೇಳಿದೆ, ಏಳೂಕಾಲಿಗೇ ಎರಡು ಚಪಾತಿ ಕಟ್ಟಿಕೊಡುತ್ತಿದ್ದರು. ಏಪ್ರನ್ ಜೇಬಿನಲ್ಲಿ ಹುರಿದ ಶೇಂಗಾ ಪೊಟ್ಟಣ. ಆರು ವಾರ ತೂಕ ನೋಡಲೇಬಾರದು ಅಂತ ಕಟ್ಟಪ್ಪಣೆ.

ಹಾಜರಿ ಒಂದು ದೊಡ್ಡ ತಲೆನೋವು. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಬೇಕೇ ಬೇಕು. ಗುರುವಾರ ಗುರುವಾರ ಮಾಯವಾದರೆ ಕೇಳುತ್ತಾರೆ. ನನ್ನ ಮೆಂಟರ್ ಮೇಡಂ ಒಬ್ಬರಿಗೆ ಮಾತ್ರ ಹೇಳಿದೆ. ಡಾಕ್ಟರ ಸರ್ಟಿಫಿಕೇಟ್‌ನಲ್ಲಿ 'ಚಿಕಿತ್ಸೆಯಲ್ಲಿದ್ದಾರೆ' ಅಂತಷ್ಟೇ ಇತ್ತು, ಕಾಯಿಲೆಯ ಹೆಸರು ಇರಲಿಲ್ಲ. ಹಾಗೇ ಬರೆದುಕೊಡಿ ಅಂತ ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮ ವಿಷಯ ಗುಟ್ಟಾಗಿಡುವ ಹಕ್ಕನ್ನು ನಮಗೆ ಕೊಟ್ಟಿದೆ.

ಅಮ್ಮನಿಗೆ ಹೇಳಿದ್ದು ದಸರಾ ರಜೆಯಲ್ಲಿ, ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ. "ತಲೆ ಕೆಟ್ಟವರಿಗೆ ಕೊಡೋ ಮಾತ್ರೆನಾ?" ಅಂದಳು. ಕೈ ನಿಂತಿತ್ತು. "ಹೆದರಿಕೆಗೆ ಕೊಡೋ ಮಾತ್ರೆ ಅಮ್ಮ" ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ನನ್ನ ವಯಸ್ಸಿನಲ್ಲಿ ತನಗೂ ರಾತ್ರಿ ಹೀಗೇ ಎದೆ ಹೊಡೆದುಕೊಳ್ಳುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಅಂದಳು. ಹೊರಡುವಾಗ ಮಿಠಾಯಿ ಡಬ್ಬಿಯನ್ನು ಬ್ಯಾಗಿಗೆ ಇಡಲಾ ಬೇಡವಾ ಅಂತ ಕೈಯಲ್ಲಿ ಹಿಡಿದು ನಿಂತಿದ್ದಳು. ಕೊಡು, ಎಲ್ಲರಿಗೂ ಹಂಚುತ್ತೀನಿ ಅಂದೆ.

ಮುಂದಿನದು ನಿಧಾನ, ಹೇಳೋಕೆ ಜಾಸ್ತಿ ಇಲ್ಲ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಾತ್ರೆ ಸ್ಟಾಕ್ ಇರಲಿಲ್ಲ, ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಕ್ಕಿತು. ಒಂದು ಸಲ ಊರಿಗೆ ಹೋಗುವಾಗ ಮಾತ್ರೆ ಮರೆತೆ. ಮೂರನೇ ದಿನ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ತಲೆಸುತ್ತು. ಅದಕ್ಕೇ ನಿಲ್ಲಿಸುವಾಗ ಡಾಕ್ಟರು ಎರಡು ತಿಂಗಳು ಹಿಡಿದು ಡೋಸ್ ಇಳಿಸಿದರು. ಜಿಎಡಿ-7 ಈಗ 4. ತೂಕ 65.5, ಎಚ್‌ಬಿಎ1ಸಿ 5.5. 54ಕ್ಕೆ ವಾಪಸ್ ಹೋಗಿಲ್ಲ. ಬಿಎಂಐ ಲೆಕ್ಕದಲ್ಲಿ ಇನ್ನೂ 26 ದಾಟಿದ್ದೇನೆ. ನೋಟ್‌ಬುಕ್‌ನಲ್ಲಿ ಈಗಲೂ ಪರೀಕ್ಷೆ ವಾರದಲ್ಲಿ ಒಂದೆರಡು 'ಭ' ಬೀಳುತ್ತವೆ.

ಮೊನ್ನೆ ಎರಡನೇ ವರ್ಷದ ಹುಡುಗಿಯೊಬ್ಬಳು ರೂಮಿಗೆ ಬಂದಳು. ಪ್ಯಾಥಾಲಜಿ ನೋಟ್ಸ್ ಬೇಕಿತ್ತು ಅಂದಳು. ನೋಟ್ಸ್ ಕೊಟ್ಟ ಮೇಲೂ ಬಾಗಿಲಲ್ಲೇ ನಿಂತಿದ್ದಳು. ಏಪ್ರನ್ನಿನ ನಡುವಿನ ಗುಂಡಿ ಹಾಕಿರಲಿಲ್ಲ, ಕೈಯಿಂದ ಮುಚ್ಚಿಕೊಂಡಿದ್ದಳು. "ಅಕ್ಕಾ, ನೀವು ಹೋಗ್ತಿದ್ರಲ್ಲ, ಆ ಆಸ್ಪತ್ರೆಗೆ ಯಾವತ್ತು ಹೋಗಬೇಕು?" ಅಂತ ಕೇಳಿದಳು. ಮಂಗಳವಾರ ಬೇಡ, ಗುರುವಾರ ಹೋಗು, ಆಧಾರ್ ಇಟ್ಟುಕೋ ಅಂದೆ. ಆಮೇಲೆ ಅವಳ ಮುಖ ನೋಡಿ, ಆರೂಮುಕ್ಕಾಲಿಗೆ ಗೇಟ್ ಹತ್ತಿರ ಇರು, ಬಸ್ ಹತ್ತಿಸಿ ಬರ್ತೀನಿ ಅಂದೆ.